ಮುತ್ಯಾನ ಬಂದೂಕಿನ ಕಟ್ಟಿಗೆ

ಆಗ ನಾನು ಚಿಕ್ಕ ಹುಡುಗಿ, ಒಂದು ಕಡೆ ಕೂತು ಗೊತ್ತೇ ಇರಲಿಲ್ಲ. ಅಪ್ಪನಿಗೆ ಒಮಾನಿನ ಸೊಹಾರ್‌ನ ಕಾರ್ಖಾನೆಯಲ್ಲಿ ರಿಪೇರಿ ಕೆಲಸ. ನಾವಿದ್ದದ್ದು ಸಹಮ್‌ನಲ್ಲಿ, ಸಯೀದ್ ಎಂಬ ಒಮಾನಿ ಮುದುಕನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಬಾಗಲಕೋಟೆ ಕಡೆಯವರಾದ ನಮಗೆ ಅಜ್ಜ ಎಂದರೆ ಮುತ್ಯಾ. ಹಾಗಾಗಿ ಅವನನ್ನೂ ಮುತ್ಯಾ ಎಂದೇ ಕರೆದೆ. ಅವನೂ ಓಗೊಟ್ಟ.

ಚಳಿ ಶುರುವಾದರೆ ಮುತ್ಯಾನ ಮನೆಮಂದಿ ಊರಾಚೆಯ ಒಣಹಳ್ಳದಲ್ಲಿ ಹಾಲಿನ ಪುಡಿಯ ಡಬ್ಬಿ ಇಟ್ಟು ಗುರಿ ಹೊಡೆಯುತ್ತಿದ್ದರು. ಮುತ್ಯಾನದು ಅವನಪ್ಪ ಬೇಟೆಗೆ ಒಯ್ಯುತ್ತಿದ್ದ ಹಳೇ ಬಂದೂಕು. ಹಿಂದಿನ ವರ್ಷ ಅವನ ಒಂದು ಗುಂಡೂ ತಾಗಿರಲಿಲ್ಲ. ಕಣ್ಣು ಮಂಜಾಗಿದೆ, ಬಂದೂಕು ನನಗೆ ಕೊಡು ಎಂದು ಮಗ ನಾಸಿರ್ ಬೆನ್ನು ಬಿದ್ದಿದ್ದ.

ಮುತ್ಯಾ ಬಂದೂಕು ಹಿಡಿದು ನನ್ನಪ್ಪನ ಹತ್ತಿರ ಬಂದ. "ಬಂದೂಕ್ ಖರಾಬ್. ಆಂಖ್ ಠೀಕ್," ಎಂದ.

ಅಪ್ಪ ನಳಿಗೆಗೂ ಅದು ಕೂರುವ ಕಟ್ಟಿಗೆಗೂ ನಡುವೆ ಕಾಗದದ ಚೂರು ತೂರಿಸಿ ಎಳೆದ. ಅರ್ಧಕ್ಕೇ ಸಿಕ್ಕಿಕೊಂಡಿತು. "ಖರೇನ ಐತಿ. ಸಮುದ್ರದ ಹವಾಕ್ಕ ಕಟ್ಟಿಗಿ ಉಬ್ಬೇತಿ. ಒಂದ್ ಕಡೆ ನಳಿಗಿ ಒತ್ತಾಕತ್ತೈತಿ, ಅದಕ್ಕ ಗುಂಡು ಓರೆ ಹೊಂಟೈತಿ."

ಅವ್ವ ಬಾಗಿಲಲ್ಲೇ ನಿಂತಿದ್ದಳು. "ಬಂದೂಕು ಮನಿಯಾಗ ಬ್ಯಾಡ್ರೀ. ಪೊಲೀಸರು ಬಂದ್ರ ಊರಿಗೆ ಕಳಸ್ತಾರ."

"ಕಟ್ಟಿಗಿ ಅಷ್ಟ ತರ್ತೀನಿ. ಲಟ್ಟಣಿಗಿ ತಂದಂಗ ತಿಳ್ಕೋ."

ನಳಿಗೆ ಮುತ್ಯಾನ ಪೆಟ್ಟಿಗೆಯಲ್ಲೇ ಉಳಿಯಿತು. ಕಂಪನಿ ಬಸ್ಸು ಇಳಿದವನೇ ಅಪ್ಪ ಪೈಪಿನ ತುಂಡಿಗೆ ಸ್ಯಾಂಡ್‌ಪೇಪರ್ ಸುತ್ತಿ ಕಟ್ಟಿಗೆಯ ತೋಡನ್ನು ಉಜ್ಜುತ್ತಿದ್ದ. ಆಮೇಲೆ ಅಂಗಳ ದಾಟಿ ಹೋಗಿ ನಳಿಗೆ ಕೂರಿಸಿ ನೋಡುವುದು, ನಾನು ಕಾಗದ ಎಳೆಯುವುದು. ಮತ್ತೆ ಸಿಕ್ಕಿಕೊಳ್ಳುತ್ತಿತ್ತು. ಅಪ್ಪನ ನಿಧಾನಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಇನ್ನಷ್ಟು ತಿಕ್ಕಪ್ಪಾ, ಜೋರಾಗಿ."

"ತಗದದ್ದು ತಿರುಗಿ ಹಚ್ಚಾಕ ಬರೂದಿಲ್ಲವಾ."

ಮುತ್ಯಾನಿಗೂ ತಡೆಯುತ್ತಿರಲಿಲ್ಲ. ಸಂಜೆಯಾದರೆ ಬಂದು, "ಖಲಾಸ್?" ಎನ್ನುತ್ತಿದ್ದ. "ಬುಕ್ರಾ, ನಾಳೆ," ಎನ್ನುತ್ತಿದ್ದ ಅಪ್ಪ. ಕೊನೆಗೊಂದು ದಿನ ಕಾಗದ ಈ ತುದಿಯಿಂದ ಆ ತುದಿಗೆ ಸರಾಗ ಹರಿಯಿತು. ಅಪ್ಪ ಕಟ್ಟಿಗೆಗೆ ಅಗಸಿ ಎಣ್ಣೆ ಸವರಿದ. ಅವ್ವನ ಅಗಸಿ ಚಟ್ನಿ ಯಾವುದು, ಬಂದೂಕು ಯಾವುದು, ವಾಸನೆಯಿಂದ ತಿಳಿಯದಂತಾಯಿತು.

ಹಳ್ಳದಲ್ಲಿ ಬಂದೂಕು ಪರೀಕ್ಷಿಸಲು ಮೊದಲು ನಾಸಿರ್ ನೆಲದ ಮೇಲೆ ಬೋರಲು ಮಲಗಿ ಗುರಿ ಹಿಡಿದ. ಡಬ್ಬಿ ಹಾರಿತು. ಇನ್ನೊಂದು ಇಟ್ಟರು. ಅದೂ ಹಾರಿತು. ನಾನು ಹೇಳಲಿಲ್ಲವೇ ಎನ್ನುವಂತೆ ಮುತ್ಯಾ ಅಪ್ಪನ ಬೆನ್ನು ತಟ್ಟಿ ನಕ್ಕ. ಆಮೇಲೆ ತಾನು ಮಲಗಿದ. ಡಬ್ಬಿಯ ಪಕ್ಕದಲ್ಲಿ ಧೂಳೆದ್ದಿತು. ಮತ್ತೆ ಹೊಡೆದ, ಮತ್ತೆ ಧೂಳು. ನನಗೆ ಅಲ್ಲಿಂದ ಓಡಿಹೋಗಬೇಕು ಅನಿಸಿತು.

ಮುತ್ಯಾ ಎದ್ದು, ರುಮಾಲಿನ ತುದಿಯಿಂದ ಕಟ್ಟಿಗೆ ಒರೆಸಿ, ಬಂದೂಕನ್ನು ಮಗನ ಮುಂದೆ ಹಿಡಿದ. ಅಷ್ಟು ದಿನ ಕಾಡಿದ ನಾಸಿರ್‌ಗೆ ಈಗ ಕೈ ಚಾಚುವುದೇ ಆಗಲಿಲ್ಲ.

ಆ ರಾತ್ರಿ ಅಪ್ಪ ಸರಿಯಾಗಿ ಉಣ್ಣಲಿಲ್ಲ.

"ಕೆಲಸ ಛಲೋನ ಆಗೇತಲ್ರೀ," ಎಂದಳು ಅವ್ವ.

"ಅದ ತಪ್ಪಾತು. ಮುದುಕಗ ಹೇಳಾಕ ಒಂದು ನೆವ ಇತ್ತು. ನಾ ಅದನ್ನೂ ತಿಕ್ಕಿ ತಗದೆ."

ಸಹಮ್‌ನ ಆ ಕೋಣೆಗಳು ಈಗಿಲ್ಲ, ಮುತ್ಯಾನೂ ಇಲ್ಲ. ನಾನೀಗ ಒಮಾನಿನ ರಾಜಧಾನಿಯಲ್ಲಿ, ಅಲ್ ಗುಬ್ರಾದ ಫ್ಲ್ಯಾಟಿನಲ್ಲಿದ್ದೇನೆ. ಅಪ್ಪ ನಮ್ಮ ಜೊತೆಗಿದ್ದಾನೆ. ಮೊನ್ನೆ ನನ್ನ ಮಗನ ಆಟದ ಕಾರು ರಿಪೇರಿ ಮಾಡುತ್ತ ಕೂತವನಿಗೆ ಸ್ಕ್ರೂವಿನ ಸೀಳು ಎಷ್ಟು ಹೊತ್ತಾದರೂ ಕಣ್ಣಿಗೆ ಸಿಗಲಿಲ್ಲ.

"ಈ ಬಲ್ಬ್ ಖರಾಬ್ ಆಗೇತಿ," ಎಂದ.

"ಇಟ್ಸ್ ಎ ನ್ಯೂ ಬಲ್ಬ್, ಮುತ್ಯಾ," ಎಂದ ಮಗ. ನಾನು ಅವನನ್ನು ಕಣ್ಣಲ್ಲೇ ಗದರಿ, "ಹೌದಪ್ಪಾ, ಬಲ್ಬ್ ಸರಿ ಇಲ್ಲ. ಬ್ಯಾರೆ ಹಾಕ್ತೀನಿ," ಎಂದು ಸ್ಟೂಲು ಎಳೆದೆ.

ಅಪ್ಪ ನನ್ನನ್ನೇ ನೋಡಿದ.

"ಇರಲಿ ಬಿಡವಾ," ಎಂದು ಸ್ಕ್ರೂಡ್ರೈವರನ್ನು ಅಂಗಿಗೆ ಒರೆಸಿ ಮೊಮ್ಮಗನ ಮುಂದೆ ಹಿಡಿದ.