ದೆವ್ವದ ಕೈ ಹಿಡಿದು ಬಂದ ಸಾಕಮ್ಮ

ವಾಶ್ ಬೇಸಿನ್ನಿನ ಅಂಚಿನಲ್ಲಿ ನೀರು ಸೋರುತ್ತಿದೆ ಎಂದು ಹೆಂಡತಿ ಮೂರನೆಯ ಸಲ ಹೇಳಿದ ಮೇಲೆ, ಮೊನ್ನೆ ಸಿಲಿಕೋನ್ ಟ್ಯೂಬು ಹಿಡಿದು ಕೂತೆ. ಹೊಳೆನರಸೀಪುರದಲ್ಲಿ ಪೈಪು, ನಲ್ಲಿ, ಮೋಟರು ಮಾರುವವನ ಮನೆಯಲ್ಲೇ ನೀರು ಸೋರುವುದು ನಿಮಗೆ ನಗು ತರಿಸಬಹುದು. ನಗಿ, ಬೀದಿಯವರೆಲ್ಲ ನಕ್ಕಾಗಿದೆ. ಟ್ಯೂಬಿನ ಮೂತಿ ಕತ್ತರಿಸಿದೊಡನೆ ಅದರ ಹುಳಿ ವಾಸನೆ, ವಿನೆಗರ್ ಚೆಲ್ಲಿದ ಹಾಗೆ, ಮೂಗಿಗೆ ಬಡಿಯಿತು. ಆ ವಾಸನೆಗೆ ನನಗೆ ನೆನಪಾಗುವುದು ಬಚ್ಚಲುಮನೆಯಲ್ಲ, ಸಾಕಮ್ಮನ ಕೈ.

ಅದಕ್ಕೆ ಮೊದಲು ನನ್ನ ದೆವ್ವಗಳ ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ಊರಾಚೆಯ ಒಂದು ಇಂಗ್ಲಿಷ್ ಶಾಲೆಯವರು ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಎಂಬ ವಿದೇಶದ ದೆವ್ವದ ಹಬ್ಬ ಮಾಡುತ್ತೇವೆಂದು ಹೊರಟರು. ಹೆಡ್‌ಮಿಸ್ಸು ಅಂಗಡಿಗೆ ಬಂದು, ಮೊಬೈಲಿನಲ್ಲಿ ಒಂದು ಅಸ್ಥಿಪಂಜರದ ಚಿತ್ರ ತೋರಿಸಿ, ಪೈಪಿನಲ್ಲಿ ಇಂಥದ್ದು ಆಗುತ್ತದೆಯೇ ಎಂದು ಕೇಳಿದರು. ಮಹಾಲಯ ಅಮಾವಾಸ್ಯೆಗೆ ಎಡೆಯಿಟ್ಟು ಹಿರಿಯರನ್ನು ಮರ್ಯಾದೆಯಿಂದ ಕರೆಯುವ ನಮ್ಮ ಕಡೆ, ಸತ್ತವರನ್ನು ಹೀಗೆ ಗೇಟಿಗೆ ನೇತುಹಾಕುವುದು ಸರಿಯೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ‘ಆಗುವುದಿಲ್ಲ’ ಎಂಬ ಮಾತು ನನ್ನ ಬಾಯಿಗೆ ಸುಲಭವಾಗಿ ಬರುವುದಿಲ್ಲ. ಮುಕ್ಕಾಲು ಇಂಚಿನ ಪೈಪು ಬೆನ್ನುಮೂಳೆಯಾಯಿತು, ಅರ್ಧ ಇಂಚಿನದನ್ನು ಬಿಸಿ ಮಾಡಿ ಬಗ್ಗಿಸಿದರೆ ಪಕ್ಕೆಲುಬು. ಭುಜಕ್ಕೆ ಮೂರು ಬಾಯಿಯ ಟೀ, ಮೊಣಕೈಗೆ ಬಾಗಿದ ಎಲ್ಬೋ. ಎಲ್ಬೋ ಎಂದರೆ ಮೊಣಕೈ ಎನ್ನುವುದು ಇಷ್ಟು ವರ್ಷ ಮಾರಿದ ನನಗೆ ಹೊಳೆದದ್ದು ಆವತ್ತೇ.

ಕೈಗಳೇ ಕಷ್ಟ ಕೊಟ್ಟದ್ದು. ಪೈಪಿನಲ್ಲಿ ಬೆರಳು ಮಾಡಿದರೆ ಬಾಚಣಿಗೆಯ ಹಾಗೆ ಕಾಣುತ್ತಿತ್ತು. ನನ್ನ ಗಿರಾಕಿಯಾಗಿದ್ದ ಹಲ್ಲಿನ ಡಾಕ್ಟರೊಬ್ಬರು ಹಲ್ಲಿನ ಅಚ್ಚು ತೆಗೆಯುವ ಪುಡಿ ಕೊಟ್ಟರು. ನೀರಿನಲ್ಲಿ ಕಲಸಿದ ಪುಡಿಗೆ ನನ್ನದೇ ಕೈ ಅದ್ದಿ, ಅಚ್ಚು ತೆಗೆದು, ಪ್ಲಾಸ್ಟರ್ ಹೊಯ್ದೆ. ಉಗುರು, ಗೆರೆ, ಹೆಬ್ಬೆರಳಿನ ಹಳೆಯ ಗಾಯ, ಎಲ್ಲವೂ ಬಂತು. ಶಾಲೆಯ ಗೇಟಿನಲ್ಲಿ ಐದಾರು ದೆವ್ವಗಳು ನನ್ನ ಕೈಯನ್ನೇ ಬೀಸುತ್ತ ನಿಂತವು. ನಾನು ಎರಡು ಸಲ ಸ್ಕೂಟರಿನಲ್ಲಿ ಹೋಗಿ ನೋಡಿಕೊಂಡು ಬಂದೆ.

ಅದಾಗಿ ಒಂದು ವಾರಕ್ಕೆ, ಅಂಗಡಿಗೆ ಒಬ್ಬ ಹೆಂಗಸು ಬಂದರು. ಆ ಶಾಲೆಯಲ್ಲೇ ಆಯಾ ಕೆಲಸ ಮಾಡುವ, ಹಳ್ಳಿಮೈಸೂರಿನಿಂದ ದಿನವೂ ಬಸ್ಸಿನಲ್ಲಿ ಬರುವ ಸಾಕಮ್ಮ. ನನ್ನ ದೆವ್ವದ ಒಂದು ಕೈಯನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು.

“ಸಾ, ಈ ಕೈ ನೀವೇ ಮಾಡಿದ್ದಾ?”

“ಊಂ. ಯಾಕಮ್ಮ, ಮಕ್ಳು ಎದ್ರುಕೊಂಡ್ವಾ?” ಎಂದು ನಕ್ಕೆ.

ಅವರು ನಗಲಿಲ್ಲ. ಎಡಗೈ ಮೇಲಿನ ಸೆರಗು ಸರಿಸಿದರು. ಮಣಿಕಟ್ಟಿನಿಂದ ಮುಂದೆ ಏನೂ ಇರಲಿಲ್ಲ.

ನನ್ನ ನಗು ಎಲ್ಲಿಡಬೇಕೋ ತಿಳಿಯಲಿಲ್ಲ. ಸ್ಟೂಲು ಎಳೆದು ಕೂರಿಸಿದೆ. ಮೂರು ವರ್ಷದ ಹಿಂದೆ ಹಸುವಿಗೆ ಮೇವು ಕತ್ತರಿಸುವ ಮಿಷನ್ನಿಗೆ ಕೈ ಸಿಕ್ಕಿತ್ತಂತೆ. ಹಾಸನದ ಯಾವುದೋ ಶಿಬಿರದಲ್ಲಿ ಒಂದು ಕೈ ಕೊಟ್ಟಿದ್ದರು; ಅದು ಬೆಳ್ಳಗೆ, ಗಂಡಸಿನ ಕೈಯಷ್ಟು ದೊಡ್ಡದಾಗಿತ್ತು. ಒಂದು ದಿನ ಹಾಕಿಕೊಂಡು ಅಟ್ಟಕ್ಕೆ ಎಸೆದಿದ್ದರು. ಈಗ ಮಗಳು ಚೈತ್ರಳ ಮದುವೆ ಗೊತ್ತಾಗಿದೆ, ಚನ್ನರಾಯಪಟ್ಟಣದ ಕಡೆಯ ಹುಡುಗ. ಮದುವೆಗೆ ಇನ್ನು ಐದು ವಾರ. ಧಾರೆಯ ಹೊತ್ತಿಗೆ ಒಂದು ಕೈ ಬೇಕು.

ಮಾಡಿಕೊಡುತ್ತೇನೆ ಎಂದೆ. ನಾನು ಹಾಗೇ, ಮಾತು ಮೊದಲು, ಯೋಚನೆ ಆಮೇಲೆ.

ಯೋಚಿಸಿದಾಗ ಮೊದಲ ತೊಡಕು ಕಂಡಿತು. ಅವರ ಬಲಗೈಯಿಂದ ಅಚ್ಚು ತೆಗೆದರೆ ಇನ್ನೊಂದು ಬಲಗೈ ಆಗುತ್ತದೆ. ಯಾರದ್ದಾದರೂ ಎಡಗೈಯೇ ಬೇಕು. ಭಾನುವಾರ ಸಾಕಮ್ಮ ಮಗಳನ್ನು ಕರೆತಂದರು. ತಾಯಿಯ ಬಲಗೈ, ಮಗಳ ಎಡಗೈ ಎರಡನ್ನೂ ಕೌಂಟರಿನ ಮೇಲಿಡಿಸಿ ನೋಡಿದೆ. ಗಿಡ್ಡ ಕಿರುಬೆರಳು ಸಮೇತ ಅಳತೆ ಒಂದೇ. ಚೈತ್ರ ತಾನಾಗಿ ಬಳೆ ಬಿಚ್ಚಿದಳು. ಅಗಲವಾದ ಪೈಪಿನ ತುಂಡಿಗೆ ತಳ ಮುಚ್ಚಿ, ಪುಡಿ ಕಲಸಿ ಸುರಿದೆ. ಚೊಂಬಿನ ತಳಕ್ಕೆ ಆನಿಸಿದ ಹಾಗೆ ಬೆರಳು ಬಾಗಿಸಿಕೊಂಡು ಅವಳು ಕೈ ಇಳಿಬಿಟ್ಟಳು. ತಣ್ಣಗಿದೆ ಎಂದು ನಗುತ್ತಿದ್ದವಳು, ಅದು ಗಟ್ಟಿಯಾಗುತ್ತ ಬಂದಂತೆ ಅಮ್ಮನತ್ತ ತಿರುಗಿ ನೋಡಿದಳು. ಸಾಕಮ್ಮ ಅವಳ ಬೆನ್ನ ಮೇಲೆ ಬಲಗೈ ಇಟ್ಟುಕೊಂಡೇ ನಿಂತಿದ್ದರು.

ಮೊದಲನೆಯದನ್ನು ಪ್ಲಾಸ್ಟರಿನಲ್ಲಿ ಮಾಡಿದೆ. ಕಲ್ಲಿನಷ್ಟು ಭಾರ, ಕೌಂಟರಿಗೆ ತಾಗಿ ಎರಡು ಬೆರಳು ಮುರಿಯಿತು. ಎರಡನೆಯದಕ್ಕೆ ಅಂಗಡಿಯ ಸಿಲಿಕೋನಿಗೆ, ಬೇಗ ಗಟ್ಟಿಯಾಗಲೆಂದು, ಕಾರ್ನ್ ಫ್ಲೋರ್ ಕಲಸಿದೆ. ಮೆತ್ತಗೆ, ಹಗುರವಾಗಿ ಚೆನ್ನಾಗಿ ಬಂತು, ಬಣ್ಣ ಮಾತ್ರ ಹೆಣದ್ದು. ಅದುವರೆಗೆ ದೆವ್ವಗಳಿಗೆ ಮಾತ್ರ ಕೈ ಮಾಡಿದವನಿಗೆ ಬದುಕಿದವರ ಬಣ್ಣ ಎಲ್ಲಿ ಗೊತ್ತು? ಸಾಕಮ್ಮನನ್ನು ಅಂಗಡಿಯೆದುರಿನ ಬಿಸಿಲಿಗೆ ಕರೆದು, ಅವರ ಬಲಗೈ ಪಕ್ಕದಲ್ಲೇ ಮೂರನೆಯದಕ್ಕೆ ಬಣ್ಣ ಕಲಸಿದೆ. ಕಂದು, ಹಳದಿ, ಚೂರು ಕೆಂಪು. ಒಂದೇ ಕೈಯಲ್ಲಿ ಎಷ್ಟು ಬಣ್ಣಗಳಿರುತ್ತವೆ! ಅಲ್ಲಿಯವರೆಗೆ ನಾನು ಯಾರ ಕೈಯನ್ನೂ ಹಾಗೆ ನೋಡಿರಲಿಲ್ಲ, ಹೆಂಡತಿಯದನ್ನೂ ಸೇರಿಸಿ. ಮಣಿಕಟ್ಟಿಗೆ ಪೈಪನ್ನು ಬಿಸಿಯಲ್ಲಿ ಅಗಲಿಸಿ, ಒಳಗೆ ಹತ್ತಿಬಟ್ಟೆ ಹೊಲಿಸಿ, ಪಟ್ಟಿ ಕಟ್ಟಿದೆ. ಮದುವೆಗೆ ಹತ್ತು ದಿನ ಇರುವಾಗ ಸಾಕಮ್ಮ ಅದನ್ನು ತೊಟ್ಟು, ತಿರುಗಿಸಿ ಮುರುಗಿಸಿ ನೋಡಿ, “ಈ ಕೈಗೆ ಬಳೆ ತೊಡ್ಸುವಾಗ ನೋವಾಗಕಿಲ್ಲ ಬುಡಿ” ಎಂದರು. ಅವರು ನಕ್ಕಿದ್ದನ್ನು ನಾನು ಮೊದಲು ಕಂಡದ್ದು ಆಗ.

ಚನ್ನರಾಯಪಟ್ಟಣದ ಛತ್ರಕ್ಕೆ ಹೆಂಡತಿಯೊಂದಿಗೆ ಹೋದೆ. ವಾಲಗ ಜೋರಾಯಿತು. ಗಂಡನ ಪಕ್ಕದಲ್ಲಿ ನಿಂತ ಸಾಕಮ್ಮ ಎರಡೂ ಕೈಯಲ್ಲಿ ಚೊಂಬು ಹಿಡಿದು ಬಗ್ಗಿಸಿದರು. ಹಸಿರು ಬಳೆ ಎರಡೂ ಕಡೆ ತುಂಬಿದ್ದವು. ಹಾಲು ಒಂದೇ ಎಳೆಯಾಗಿ ಇಳಿಯಿತು. ನಾನು ಉಸಿರು ಬಿಟ್ಟದ್ದು ಪಕ್ಕದವರಿಗೆ ಕೇಳಿಸಿರಬೇಕು.

ಊಟದ ಹೊತ್ತಿಗೆ ನೋಡಿದರೆ ಸಾಕಮ್ಮ ಆ ಕೈಯನ್ನು ಕಳಚಿ ಚೀಲದಲ್ಲಿಟ್ಟು, ಬೀಗಿತ್ತಿಯ ಎದುರೇ ಬರಿಯ ಮಣಿಕಟ್ಟಿನಲ್ಲಿ ತಟ್ಟೆ ಆನಿಸಿಕೊಂಡು ಒಬ್ಬಟ್ಟು ಬಡಿಸುತ್ತಿದ್ದರು. ನನಗೆ ಗಾಬರಿಯಾಯಿತು. ಹತ್ತಿರ ಬಂದಾಗ, ಗಂಡಿನ ಕಡೆಯವರು ನೋಡುತ್ತಾರಲ್ಲ ಎಂದು ಮೆಲ್ಲಗೆ ಕೇಳಿದೆ.

“ಅವ್ರಿಗೆ ಎಣ್ಣು ನೋಡಕ್ಕೆ ಬಂದಾಗ್ಲೇ ಗೊತ್ತು ಸಾ. ಅವ್ರಿಗೋಸ್ಕರ ಅಲ್ಲ. ಮಗ್ಳು ಉಟ್ಟಿದ್ ದಿನ ಎರಡೂ ಕೈಲಿ ಎತ್ಕೊಂಡಿದ್ದೆ. ಕಳ್ಸುವಾಗ್ಲೂ ಎರಡೂ ಕೈಲೇ ಕಳಿಸ್ಬೇಕು ಅನ್ನುಸ್ತು.”

ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿ ಮುಂದೆ ಹೋದರು. ನಾನು ಮಾಡಿಕೊಟ್ಟದ್ದು ಊನ ಮುಚ್ಚಿಡುವ ಕೈ ಎಂದೇ ಅದುವರೆಗೆ ಅಂದುಕೊಂಡಿದ್ದೆ.

ಈಗಲೂ ಅಕ್ಟೋಬರ್ ಬಂದರೆ ದೆವ್ವಗಳನ್ನು ಮಾಡುತ್ತೇನೆ. ಜತೆಗೆ ಬಾಯಿಂದ ಬಾಯಿಗೆ ಸುದ್ದಿ ಹೋಗಿ, ಬೇರೆಯವರೂ ಬರುತ್ತಾರೆ. ನಿನ್ನೆ ಅರಕಲಗೂಡಿನ ಕಡೆಯ ಒಬ್ಬ ರೈತ ಬಂದಿದ್ದ. ಒಂದು ವಾಲ್ವು ತೆಗೆದುಕೊಂಡ ಮೇಲೂ, ಬಲಗೈ ಜೇಬಿನಲ್ಲೇ ಇಟ್ಟು, ಹೋಗದೆ ನಿಂತಿದ್ದ. ನಾನು ನಗಲೂ ಇಲ್ಲ, ಅವಸರದಿಂದ ಮಾತೂ ಕೊಡಲಿಲ್ಲ. ಅವನೇ ಕೈ ತೆಗೆದ. ಜೋಳ ಬಿಡಿಸುವ ಮಿಷನ್ನಿಗೆ ಮೂರು ಬೆರಳು ಹೋಗಿದ್ದವು. ನಿಧಾನವಾಗಿ ನೋಡಿದೆ. ನಿಮ್ಮ ಹಾಗೇ ಬೆರಳಿರುವವರು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ.

ಅವನು ವಾಲ್ವನ್ನು ಕೌಂಟರಿನ ಮೇಲೆ ಇಟ್ಟ. “ನಮ್ಮಣ್ಣಂದು ಇಂಗೇ ಅವೆ ಸಾ. ಆದ್ರೆ ಜಮೀನು ಭಾಗ ಆದಾಗ್ಲಿಂದ ಮಾತಿಲ್ಲ.”

“ಕರ್ಕೊಂಡ್ ಬನ್ನಿ,” ಎಂದೆ.