ಎರಡು ದಡದ ಹಲಗೆಗಳು

ಕುಂದಾಪುರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ನಾನು ಡಿಸೈನರ್. ಹೆಸರು ಅನೂಪ್. ಡಿಸೈನರ್ ಎಂದರೆ ದೊಡ್ಡ ಮಾತಾಯಿತು. ಕೈಮುಗಿದು ನಿಂತವರ ಫೋಟೊ ಕತ್ತರಿಸಿ, ಹಿಂದೆ ಅವರವರ ಪಕ್ಷದ ಬಣ್ಣ ತುಂಬುವುದು ನನ್ನ ಕೆಲಸ. ನಮ್ಮೂರಿನ ಎರಡೂ ಪಕ್ಷದವರು ನನ್ನ ಗಿರಾಕಿಗಳೇ. ಅವರು ಜಗಳವಾಡಿದಷ್ಟೂ ನನಗೆ ಓವರ್‌ಟೈಮ್.

ಊರು ಹಟ್ಟಿಯಂಗಡಿಯಿಂದ ತುಸು ಆಚೆ, ಹೊಳೆಯ ಎರಡು ದಡದಲ್ಲಿದೆ; ದಡಕ್ಕೊಂದು ಪಕ್ಷ. ಹೊಳೆಗೆ ಐದು ಕಿಂಡಿಯ ಅಣೆಕಟ್ಟು. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಬೇಕು. ಇಲ್ಲದಿದ್ದರೆ ಉಬ್ಬರದಲ್ಲಿ ಸಮುದ್ರದ ಉಪ್ಪು ನೀರು ಹೊಳೆಯೊಳಗೆ ಏರಿ ದಡದ ಬಾವಿಗಳನ್ನು ಸೇರುತ್ತದೆ. ಕಳೆದ ವರ್ಷ ಎರಡೂ ದಡದವರು ಸೇರಿಯೇ ಹಲಗೆ ಹಾಕಿದ್ದರು. ಮರುದಿನ ಎರಡೂ ದಡದಲ್ಲಿ ಫ್ಲೆಕ್ಸ್ ಎದ್ದಿತು: ಇದು ನಮ್ಮ ಪಕ್ಷದ ಸಾಧನೆ. ಎರಡರಲ್ಲೂ ಒಂದೇ ಫೋಟೊ, ಒಂದೇ ವಾಕ್ಯ. ಎರಡನ್ನೂ ಒಂದೇ ಮಧ್ಯಾಹ್ನ ಮಾಡಿ ಮುಗಿಸಿ, ನನ್ನಷ್ಟು ಚುರುಕು ಯಾರಿದ್ದಾರೆ ಎಂದುಕೊಂಡವನು ನಾನೇ.

ಅವರದನ್ನು ಇವರು ಹರಿದರು, ಇವರದನ್ನು ಅವರು. ಮಳೆಗೆ ಮುಂಚೆ ಹಲಗೆ ತೆಗೆಯುವಾಗ ಕೈಗೆ ಸಿಕ್ಕಿದ್ದನ್ನು ಅವರವರ ದಡಕ್ಕೆ ಹೊತ್ತೊಯ್ದರು. ಹಲಗೆಯ ಮೇಲಿನ ನಂಬರ್ ನೋಡಿದವರಿಲ್ಲ. ಪ್ರತಿ ಹಲಗೆಗೂ ಅದರದೇ ಕಿಂಡಿಯಿದೆ. ಈಗ ಯಾವ ದಡದಲ್ಲೂ ಒಂದೇ ಕಿಂಡಿಗೆ ಸೇರಿದ ಪೂರ್ತಿ ಹಲಗೆ ಇಲ್ಲ. ಅವರು ಮೊದಲು ತರಲಿ ಎಂದು ಇವರು, ಇವರು ಮೊದಲು ತರಲಿ ಎಂದು ಅವರು. ಹೀಗೆ ಡಿಸೆಂಬರ್ ಬಂತು.

ನೆರೆಮನೆಯ ಕುಸುಮಾವತಿ, ನಮಗೆಲ್ಲ ಕುಸುಮಕ್ಕ, ಗೇರುಬೀಜದ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಾರೆ. ಬೆರಳ ತುದಿಗಳು ಗೇರೆಣ್ಣೆಗೆ ಕಪ್ಪಾಗಿವೆ. ವಾರ್ಡಿಗೆ ಮಹಿಳಾ ಮೀಸಲಾತಿ ಬಂದಾಗ ನಮ್ಮ ದಡದ ಪಕ್ಷದವರು, ಹೇಳಿದಲ್ಲಿ ಸಹಿ ಹಾಕುತ್ತಾರೆ ಎಂದು ನಂಬಿ ಅವರನ್ನು ಪಂಚಾಯ್ತಿ ಚುನಾವಣೆಗೆ ನಿಲ್ಲಿಸಿದ್ದರು; ಗೆದ್ದು ಸದಸ್ಯೆಯಾದರು. ಅವರ ಬಾವಿಯ ನೀರೇ ಸುತ್ತಲಿನ ಹನ್ನೊಂದು ಮನೆಗೆ. ಮೂರು ವರ್ಷದ ಹಿಂದೆ ಹಲಗೆ ಹಾಕುವುದು ತಡವಾದಾಗ ಒಂದೇ ಅಮಾವಾಸ್ಯೆಯ ಉಬ್ಬರಕ್ಕೆ ಅದು ಉಪ್ಪಾಗಿ, ಜೂನ್ ತನಕ ಅವರು ಫ್ಯಾಕ್ಟರಿಗೆ ರಜೆ ಹಾಕಿ ಟ್ಯಾಂಕರ್ ಕಾದಿದ್ದರು. ಈ ಸಲದ ಅಮಾವಾಸ್ಯೆಗೆ ಹನ್ನೆರಡು ದಿನ ಉಳಿದಿತ್ತು.

ನಾನು ನನ್ನ ಬುದ್ಧಿ ತೋರಿಸಿದೆ. “ಕುಸುಮಕ್ಕ, ‘ಜೀವಜಲ ಉಳಿಸಿ’ ಅಂತ ಒಂದ್ ಫ್ಲೆಕ್ಸ್ ಮಾಡ್ಲಾ? ಫ್ರೀ.”

“ಫ್ಲೆಕ್ಸ್ ನೆಕ್ಕಿರೆ ಬಾಯಾರ್ಕೆ ಹೋತ್ತಾ ಮಾಣಿ? ಸ್ಕೂಟರ್ ತೆಗಿ. ದುಗ್ಗಪ್ಪಣ್ಣನ ಮನೆಗೆ ಹೋಯ್ಕ್.”

ದುಗ್ಗಪ್ಪ ಆಚೆ ದಡದ ಸದಸ್ಯ, ಆಚೆ ಪಕ್ಷದವರು. ಮುಂಬೈ ಹೋಟೆಲಿನಲ್ಲಿ ಅರ್ಧ ಆಯಸ್ಸು ಕಳೆದು ಬಂದು, ಈಗ ಗೂಡ್ಸ್ ರಿಕ್ಷಾ ಓಡಿಸುತ್ತಾರೆ. ಫ್ಲೆಕ್ಸ್ ಹರಿದಂದಿನಿಂದ ಇಬ್ಬರಿಗೂ ಮಾತಿಲ್ಲ. ಜಗಲಿಯಲ್ಲಿ ಕುಳಿತಿದ್ದವರು ನಮ್ಮನ್ನು ಕಂಡು ಏಳಲಿಲ್ಲ.

“ಎಂತ ಕುಸುಮಾ, ದಾರಿ ತಪ್ತಾ?”

“ತಪ್ಪಲಿಲ್ಲೆ. ಹ್ವಾಯ್, ನಿಮ್ಮೋರಿಗೆ ನಾನ್ ಬೈರೆ ಅವ್ರ್ ಮತ್ತೂ ಬಿಗಿ ಆತ್ರ್. ನಮ್ಮೋರಿಗೆ ನೀವ್ ಬೈರೂ ಅಷ್ಟೇ. ಒಂದ್ ವರ್ಷ ಎಲ್ರೂ ಅದೇ ಮಾಡ್ದ್ರಲ್ದಾ. ಇನ್ನ್ ನಮ್ಮೋರಿಗೆ ನಾನ್ ಬೈತೆ, ನಿಮ್ಮೋರಿಗೆ ನೀವ್ ಬೈನಿ.”

ದುಗ್ಗಪ್ಪ ಒಂದು ಮಣೆ ನಮ್ಮತ್ತ ಸರಿಸಿದರು. “ನಮ್ಮೋರ್ ನನ್ ಮಾತ್ ಕೇಂತ್ರಾ?”

“ಕೇಂತಿಲ್ಲೆ. ಆರೆ ಮನೆ ನಾಯಿಗೆ ಮನೆಯೋರೇ ಗದರ್ಕ್.”

ಅವರವರ ಪಕ್ಷದಿಂದ ಇನ್ನೊಬ್ಬೊಬ್ಬ ಸದಸ್ಯರನ್ನು ಒಪ್ಪಿಸುವುದೆಂದು ಮಾತಾಯಿತು. ಪಂಚಾಯ್ತಿಯ ಹನ್ನೊಂದು ಸದಸ್ಯರಲ್ಲಿ ನಾಲ್ಕು ಜನ. ಸ್ಕೂಟರ್ ಓಡಿಸಿದವನನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇಲ್ಲ.

ಮೂರು ದಿನ ಕಳೆದು ನಮ್ಮ ದಡದ ಪಕ್ಷದ ಸಭೆ. ಬ್ಯಾನರ್ ಕಟ್ಟಲು ಹೋದ ನಾನು ಏಣಿಯ ಮೇಲಿದ್ದೆ. ಪಕ್ಷದ ಊರ ಘಟಕದ ಅಧ್ಯಕ್ಷ ಪ್ರೇಮಾನಂದ, ಆಚೆಯವರಿಂದಲೇ ಅಣೆಕಟ್ಟಿನ ಕೆಲಸ ನಿಂತುಹೋಗಿದೆ ಎಂದು ಹೇಳಿ ಮುಗಿಸುತ್ತಿದ್ದಂತೆ ಕುಸುಮಕ್ಕ ಎದ್ದರು.

“ಹೋದ್ ಸಲ ಮಣ್ಣ್ ಹೊತ್ತದ್ದ್ ಹೆಚ್ಚ್ ಆಚಿಯೋರೇ. ನಾವೇ ಮಾಡ್ದ್ ಅಂದೇಳಿ ಫ್ಲೆಕ್ಸ್ ಹಾಕದ್ ನಾವ್. ಅದ್ರಾಗೆ ನನ್ ಫೋಟನೂ ಇತ್ತ್. ಅದ್ ಸುಳ್ಳ್.”

ನಾನು ಏಣಿಯಿಂದ ಇಳಿಯುವುದು ಬೇಡವೆಂದು ತೀರ್ಮಾನಿಸಿದೆ.

“ಕುಸುಮಕ್ಕ, ನೀವ್ ಯಾವ್ ಪಕ್ಷ?” ಪ್ರೇಮಾನಂದ ಮೆಲ್ಲಗೆ ಕೇಳಿದರು.

“ಇದೇ ಪಕ್ಷ. ಅದ್ಕೇ ಇಲ್ಲಿ ಹೇಳದ್.”

“ಮುಂದಿನ್ ಸಲ ಲಿಸ್ಟಲ್ಲಿ ನಿಮ್ ಹೆಸ್ರ್ ಬಪ್ಪುದ್ ಕಷ್ಟ.”

“ಹೆಸ್ರ್ ಬಾರ್ದಿದ್ರೆ ಇರ್ಲಿ. ಬಾವಿಗೆ ಉಪ್ಪ್ ಬಾರ್ದೆ ಇರ್ಕ್.”

ಅದೇ ವಾರ ದುಗ್ಗಪ್ಪನೂ ತಮ್ಮ ಕಡೆಯ ಸಭೆಯಲ್ಲಿ ಎದ್ದು ನಿಂತರಂತೆ. ಏನಾಯಿತೆಂದು ಕೇಳಿದ್ದಕ್ಕೆ, “ಯಾರೂ ಎದ್ರ್ ಮಾತಾಡ್ಲಿಲ್ಲೆ. ಎಲ್ರಿಗೂ ಚಾ ಬಂತ್, ನಂಗೊಬ್ನಿಗೆ ಬರ್ಲಿಲ್ಲೆ” ಎಂದರು.

ಅಮಾವಾಸ್ಯೆಗೆ ಮೂರು ದಿನ ಇರುವಾಗ, ಭಾನುವಾರ ಬೆಳಿಗ್ಗೆ ನೀರು ಇಳಿದಿದ್ದ ಹೊತ್ತಿಗೆ ದುಗ್ಗಪ್ಪನ ರಿಕ್ಷಾ ಆಚೆ ದಡದ ಹಲಗೆಗಳನ್ನು ಹೊತ್ತು ಬಂತು. ಯಾರು ಮೊದಲು ತಂದರೆಂದು ಜಗಳವಾಗದಿರಲಿ ಎಂದು, ಕುಸುಮಕ್ಕ ಅದೇ ಗಳಿಗೆಗೆ ಈಚೆಯ ಹಲಗೆಗಳನ್ನು ಇಳಿಸಿದರು. ನಾಲ್ಕು ಸದಸ್ಯರು, ಹನ್ನೊಂದು ಮನೆಯ ಹೆಂಗಸರು, ಮತ್ತು ಸೊಂಟ ಹಿಡಿದು ನಿಂತ ನಾನು. ಮೂರು ಬುಟ್ಟಿ ಮಣ್ಣು ಹೊತ್ತು ಫೋಟೊ ತೆಗೆಯಲು ಹೋದೆ.

“ಫೋನ್ ಕಿಸೆಗೆ ಹಾಕ್ ಮಾಣಿ. ಈ ಸಲ ಫೋಟ ಇಲ್ಲೆ. ಬುಟ್ಟಿ ಹಿಡಿ” ಎಂದರು ಕುಸುಮಕ್ಕ.

ರಸ್ತೆಯಲ್ಲಿ ಪ್ರೇಮಾನಂದ ಬೈಕ್ ನಿಲ್ಲಿಸಿ ನೋಡುತ್ತಿದ್ದರು. ಹದಿನೈದು ವರ್ಷ ಈ ಹಲಗೆ ಹಾಕಿಸಿದವರು ಅವರೇ. ನಾವು ಎರಡನೆಯ ಕಿಂಡಿಗೆ ಒಂದು ಹಲಗೆಯನ್ನು ಗುದ್ದಿ ಗುದ್ದಿ ಇಳಿಸುವುದನ್ನು ಸ್ವಲ್ಪ ಹೊತ್ತು ಸಹಿಸಿದರು.

“ಅದ್ ನಾಕ್ನೇ ಕಿಂಡಿದ್ ಮಾರಾಯ್ರೆ, ಒಡಿತ್ತ್” ಎಂದವರು ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ದುಗ್ಗಪ್ಪ ಹಲಗೆಯ ಇನ್ನೊಂದು ತುದಿ ಹಿಡಿದರು. ಮಧ್ಯಾಹ್ನದೊಳಗೆ ಎರಡೂ ದಡದಿಂದ ಇನ್ನಷ್ಟು ಜನ ಬಂದರು. ಮಂಗಳವಾರ ಸಂಜೆಗೆ ಐದನೆಯ ಕಿಂಡಿ ಮುಚ್ಚಿತು.

ಜಗಳದಿಂದ ನಿಂತಿದ್ದ ಪಂಚಾಯ್ತಿ ಸಭೆ ಈಗ ನಡೆಯುತ್ತದೆ. ಎರಡೂ ಕಡೆಯವರು ಬಂದು ಬೀದಿದೀಪಕ್ಕೆ ಗುದ್ದಾಡುತ್ತಾರೆ. ಪ್ರೇಮಾನಂದ ಲಿಸ್ಟಿನ ಮಾತನ್ನು ಹಿಂದೆ ತೆಗೆದುಕೊಂಡಿಲ್ಲ. ಕುಸುಮಕ್ಕ ಕೇಳಿಯೂ ಇಲ್ಲ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅವರು ಬಾವಿಯಿಂದ ಒಂದು ಕೊಡ ಎತ್ತಿ, ಬೊಗಸೆ ನೀರು ಬಾಯಿಗೆ ಹಾಕಿಕೊಂಡರು. ಬೇಲಿಯಾಚೆ ಹಲ್ಲುಜ್ಜುತ್ತ ನಾನು ಕಾದೆ. ಅವರು ನುಂಗಿದರು. ಇನ್ನೊಂದು ಬೊಗಸೆ ಕುಡಿದರು. ಗಂಜಿಗೆ ಅಕ್ಕಿ ತೊಳೆಯಲು ಕೊಡ ಎತ್ತಿಕೊಂಡು ಒಳಗೆ ಹೋದರು. ಫ್ಯಾಕ್ಟರಿಯ ಬಸ್ಸಿಗೆ ಹೊತ್ತಾಗಿತ್ತು.