ಇಪ್ಪತ್ತನೇ ಗಂಟೆಗೆ ಬಾಗಿಲು ಹಾಕುವ ಅಕ್ಕ

ಶುಕ್ರವಾರ, ಬೆಳಗಿನ ಐದೂವರೆ. ಆಸ್ಪತ್ರೆಯ ಬೆಡ್‌ಶೀಟ್ ಒಗೆಯುವ ಲಾಂಡ್ರಿಯ ಹಿಂಬಾಗಿಲಲ್ಲಿ ಗಂಟೆ ಅಕ್ಕ ಹಾಜರಿ ಪುಸ್ತಕ ಹಿಡಿದು ನಿಂತಿದ್ದಾರೆ. ಒಳಗೆ ಯಂತ್ರಗಳು ಆಗಲೇ ಗುಡುಗುಡು ಎನ್ನುತ್ತಿವೆ. ಕೆಲಸಕ್ಕೆ ಬರುವವರಲ್ಲಿ ಮುಕ್ಕಾಲು ಪಾಲು ಊರು ಬಿಟ್ಟು ಈ ಪರದೇಶಕ್ಕೆ ಓದಲು ಬಂದವರು. ಒಬ್ಬೊಬ್ಬರನ್ನೂ ತಡೆದು ಅಕ್ಕ ಕೇಳುವುದು ಒಂದೇ ಪ್ರಶ್ನೆ, ಈ ವಾರ ಎಷ್ಟು ಗಂಟೆ ಆಯಿತು ಎಂದು. ಅದಕ್ಕೇ ಈ ಹೆಸರು.

ನರ್ಸಿಂಗ್ ಓದುವ ಹುಡುಗಿಯೊಬ್ಬಳು ಹದಿನಾರು ಎನ್ನುತ್ತಾಳೆ. ಓದುವ ವೀಸಾದಲ್ಲಿ ಬಂದವರಿಗೆ ಇಲ್ಲಿನ ಕಾನೂನಿನಂತೆ ವಾರಕ್ಕೆ ಇಪ್ಪತ್ತು ಗಂಟೆಯಷ್ಟೇ ಕೆಲಸ. ಇವತ್ತಿನ ಪಾಳಿ ನಾಲ್ಕು ಗಂಟೆ. ಅಲ್ಲಿಗಲ್ಲಿಗೆ ಸರಿಹೋಯಿತು. ಒಳಗೆ ಕಾಲಿಡುತ್ತ ಹುಡುಗಿ, ಮೊನ್ನೆ ಗೆಳತಿಯ ಟೀ ಅಂಗಡಿಯಲ್ಲಿ ಎರಡು ಗಂಟೆ ಕಪ್ಪು ತೊಳೆದು ಕೈಯೆಲ್ಲ ಸುಕ್ಕಾಗಿತ್ತು ಎಂದು ನಗುತ್ತಾಳೆ. ಅಕ್ಕನ ಪೆನ್ನು ನಿಲ್ಲುತ್ತದೆ.

ಸಂಬಳ ತೆಗೆದುಕೊಂಡಿಲ್ಲ, ಸುಮ್ಮನೆ ಕೈಜೋಡಿಸಿದೆ ಎಂದು ಹುಡುಗಿ ಎಷ್ಟು ಹೇಳಿದರೂ ಅಕ್ಕ ದಾರಿ ಬಿಡುವುದಿಲ್ಲ. ಪಾಳಿಯನ್ನು ನಡುವೆ ಬಿಟ್ಟು ಹೋಗುವಂತಿಲ್ಲ, ಹಾಗಾಗಿ ಇವತ್ತು ಕೆಲಸವೇ ಇಲ್ಲ. "ಮನೆಗೆ ಹೋಗು ಪುಟ್ಟಿ. ನಿನ್ನ ಓದು ಮುಗಿಯಕ್ಕೆ ಇನ್ನು ಆರೇ ವಾರ ಇದೆ. ಎರಡು ಗಂಟೆಗೆ ಮೂರು ವರ್ಷ ಕಳ್ಕೋಬೇಡ" ಎನ್ನುತ್ತಾರೆ. ಹುಡುಗಿ ಮುಖ ಊದಿಸಿಕೊಂಡು ಹೊರಟುಹೋಗುತ್ತಾಳೆ.

ನಿಜ ಹೇಳುತ್ತೇನೆ, ಅಕ್ಕನ ಕೆಲಸ ನೋಡಲು ಬಂದು ಪಕ್ಕದಲ್ಲಿ ನಿಂತ ನನಗೆ ಅವರ ಮೇಲೆ ಸಿಟ್ಟೇ ಬರುತ್ತದೆ. ಬಿಟ್ಟಿ ಮಾಡಿದ ಉಪಕಾರವನ್ನೂ ಯಾರಾದರೂ ಎಣಿಸುತ್ತಾರೆಯೇ? ಎಣಿಸುತ್ತಾರಂತೆ, ಅಕ್ಕ ವಿವರಿಸುತ್ತಾರೆ. ಎರಡು ಕಡೆ ದುಡಿದರೂ ಎಲ್ಲ ಕೂಡಿ ಇಪ್ಪತ್ತು. ವಾರವೆಂದರೆ ಸೋಮವಾರದಿಂದ ಭಾನುವಾರ. ಹೋದ ವಾರ ಉಳಿದ ಗಂಟೆ ಈ ವಾರಕ್ಕೆ ಬರುವುದಿಲ್ಲ. ಕಾಲೇಜಿಗೆ ರಜೆ ಬಿದ್ದರೆ ದಿನವಿಡೀ ದುಡಿಯಬಹುದು. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಹಿಡಿದರೂ ಗಂಟೆ ಗಂಟೆಯೇ. ಬೈಕಿನಲ್ಲಿ ಊಟ ತಲುಪಿಸುವ ಆ್ಯಪ್ ಕೆಲಸವಂತೂ ಮಾಡಲೇ ಕೂಡದು, ಅದು ಸ್ವಂತ ವ್ಯಾಪಾರವಂತೆ. ಕೇಳುತ್ತ ಕೇಳುತ್ತ ನನ್ನ ಸಿಟ್ಟು ಇಳಿದು ದಿಗಿಲು ಹತ್ತುತ್ತದೆ.

ಇದನ್ನೆಲ್ಲ ಹೇಳಿಕೊಡಲು ಅಕ್ಕನನ್ನು ಯಾರೂ ನೇಮಿಸಿಲ್ಲ. ಅವರ ಕೆಲಸ ಹಾಜರಿ ಬರೆಯುವುದು, ಬೆಡ್‌ಶೀಟ್ ಮಡಚುವುದು. ದಿನಕ್ಕೆ ಒಂಬೈನೂರು ಬೆಡ್‌ಶೀಟು, ಹನ್ನೊಂದು ವರ್ಷದಿಂದ ನಿಂತಲ್ಲೇ. ಮಂಡಿ ಕೈಕೊಟ್ಟಿದೆ. ಗಂಡನ ಕೆಲಸದ ವೀಸಾದ ಮೇಲೆ ಬಂದವರಾದ್ದರಿಂದ ಅವರಿಗೆ ಗಂಟೆಯ ಮಿತಿಯಿಲ್ಲ. ಮತ್ತೆ ನಿಮಗೇಕೆ ಈ ಉಸಾಬರಿ ಎಂದು ಕೇಳುತ್ತೇನೆ. ಅಕ್ಕ ಬೆಡ್‌ಶೀಟಿನ ಎರಡು ತುದಿ ನನ್ನ ಕೈಗಿತ್ತು, ಮಡಚುತ್ತಲೇ ಹೇಳುತ್ತಾರೆ.

ಏಳು ವರ್ಷದ ಹಿಂದೆ ಅವರ ಒಡಹುಟ್ಟಿದ ತಂಗಿ ಇಲ್ಲೇ ಓದುತ್ತ, ಇದೇ ಲಾಂಡ್ರಿಯಲ್ಲಿ ದುಡಿಯುತ್ತಿದ್ದಳು. ಅಕ್ಕ ಜ್ವರದಲ್ಲಿ ಮಲಗಿದಾಗ, ತನ್ನ ಇಪ್ಪತ್ತು ಗಂಟೆ ಮುಗಿದಿದ್ದರೂ ಅಕ್ಕನ ಜಾಗದಲ್ಲಿ ಮೂರು ಗಂಟೆ ಬಿಟ್ಟಿ ನಿಂತಳು. ಹುಷಾರಾಗಿ ಬಂದ ಅಕ್ಕನಿಗೆ ಎಲ್ಲಿಲ್ಲದ ಹೆಮ್ಮೆ. ತಂಗಿಯ ಒಳ್ಳೆಯತನ ಮಾಲೀಕರ ಕಣ್ಣಿಗೆ ಬೀಳಲಿ ಎಂದು ಹಾಜರಿ ಪುಸ್ತಕದಲ್ಲಿ ದುಂಡಗೆ ಬರೆದಿಟ್ಟರು: ಮೂರು ಗಂಟೆ, ಸಂಬಳವಿಲ್ಲದೆ. ತಿಂಗಳೊಳಗೆ ವೀಸಾ ಇಲಾಖೆಯಿಂದ ತಪಾಸಣೆಗೆ ಬಂದವರು ಆ ಸಾಲಿನ ಮೇಲೆಯೇ ಬೆರಳಿಟ್ಟರು. ತಂಗಿಯ ವೀಸಾ ರದ್ದಾಯಿತು. ಅವಳ ಓದು ಮುಗಿಯಲು ಒಂದೇ ಸೆಮಿಸ್ಟರ್ ಬಾಕಿಯಿತ್ತು.

ನನ್ನ ಕೈಯಿಂದ ಬೆಡ್‌ಶೀಟಿನ ತುದಿ ಜಾರುತ್ತದೆ. ಕದ್ದಿಲ್ಲ, ಸುಳ್ಳಾಡಿಲ್ಲ, ಅಕ್ಕನಿಗೆ ತಂಗಿ ಆಸರೆಯಾದಳು, ತಂಗಿಯನ್ನು ಅಕ್ಕ ಮೆಚ್ಚಿ ಬರೆದರು. ಅಷ್ಟಕ್ಕೆ ಇಂಥ ಶಿಕ್ಷೆಯೇ? ನನಗೆ ಅಕ್ಕನೇ ಸಮಾಧಾನ ಹೇಳುವಂತೆ ಮಾತಾಡುತ್ತಾರೆ. "ವಿಮಾನ ಹತ್ತೋವಾಗ ನನ್ನ ಬೈಲಿಲ್ಲ ಅವಳು. ಬೈದಿದ್ರೆ ಚೆನ್ನಾಗಿತ್ತು."

ಒಂಬತ್ತೂವರೆಗೆ ನರ್ಸಿಂಗ್ ಹುಡುಗಿ ವಾಪಸ್ ಬರುತ್ತಾಳೆ. ಅಕ್ಕನ ಮಾತು ಸುಳ್ಳು ಮಾಡಲೆಂದೇ ಕಾಲೇಜಿನ ಕಚೇರಿಗೆ ಹೋಗಿ ವಿಚಾರಿಸಿದಳಂತೆ. ಬಿಟ್ಟಿ ಮಾಡಿದ ಗಂಟೆಯೂ ಲೆಕ್ಕಕ್ಕೆ ಬರುತ್ತದೆ ಎಂದರಂತೆ ಅಲ್ಲಿನವರು. "ಸೋಮವಾರ ಬರ್ಲಾ ಅಕ್ಕ?" ಎಂದಷ್ಟೇ ಕೇಳುತ್ತಾಳೆ. ತಿಂಡಿ ತಿಂದೆಯಾ ಎಂದು ಅಕ್ಕ ಗದರಿಸುತ್ತಾರೆ.

ಅವಳು ಹೋದ ಮೇಲೆ ಅಕ್ಕ ಹಾಜರಿ ಪುಸ್ತಕದ ಕೊನೆಯ ಪುಟ ತೆಗೆದು ತೋರಿಸುತ್ತಾರೆ. ಇಲ್ಲಿ ದುಡಿಯುತ್ತ ಓದು ಮುಗಿಸಿದವರ ಹೆಸರುಗಳು, ಒಟ್ಟು ನಲವತ್ತೊಂದು. ಮೊದಲ ಸಾಲು ಮಾತ್ರ ಖಾಲಿ. ತಂಗಿ ಕೆಲವು ವರ್ಷ ಬಿಟ್ಟು ಊರಿನ ಕಾಲೇಜಿನಲ್ಲಿ ಮತ್ತೆ ಮೊದಲಿನಿಂದ ಓದಲು ಸೇರಿದ್ದಾಳಂತೆ, ಇದು ಕೊನೆಯ ವರ್ಷ.

"ಅವಳ ಹೆಸರು ಒಂದ್ಸಲ ಈ ಕೈಯಲ್ಲಿ ಬರೆದು ಕೆಡಿಸಿದೀನಿ" ಎಂದು ಅಕ್ಕ ಆ ಖಾಲಿ ಸಾಲನ್ನು ಬೆರಳಿನಿಂದ ಸವರುತ್ತಾರೆ. "ಇನ್ನೊಂದ್ಸಲ ಇದೇ ಕೈಯಲ್ಲಿ ಸರಿಯಾಗಿ ಬರೀಬೇಕು. ಅಷ್ಟೇ ಆಸೆ."